ಹಳೇ ಲಾರಿ ಆಯಿಲ್ ತಿನ್ನುತ್ತಿದೆಯಾ? ಎಂಜಿನ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಲಾರಿ ಆಯಿಲ್ ತಿನ್ನುತ್ತಿದೆ ಅಂದ ತಕ್ಷಣ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: "ಬೋರ್ ಹೋಗಿದೆ, ಎಂಜಿನ್ ಇಳಿಸಬೇಕು." ಕೆಲವು ಸಲ ಅದು ನಿಜ. ಆದರೆ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಚೆನ್ನಾಗಿದ್ದರೂ ಆಯಿಲ್ ಹೋಗುವ ದಾರಿಗಳು ಬೇಕಾದಷ್ಟಿವೆ, ಅದರಲ್ಲಿ ಕೆಲವು ಬರೀ ಒಂದು ಸೀಲು, ಒಂದು ಪೈಪು ಬದಲಿಸಿದರೆ ಮುಗಿಯುತ್ತವೆ. ಕಾಫಿ ಸೀಸನ್ನಿನಲ್ಲೋ ಶುಂಠಿ ಲೋಡಿನ ಹೊತ್ತಲ್ಲೋ ಗಾಡಿ ಶೆಡ್ಡಿನಲ್ಲಿ ನಿಂತರೆ ಏನಾಗುತ್ತದೆ ಅಂತ ಹಾಸನ, ಚಿಕ್ಕಮಗಳೂರು ಕಡೆಯ ಗಾಡಿಯವರಿಗೆ ನಾನು ಹೇಳಬೇಕಿಲ್ಲ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ಹುಡುಕಿ.

ಮೊದಲು ಅಳತೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟು ಜಾಗದಲ್ಲಿ, ಪ್ರತಿ ಸಲ ಅದೇ ಜಾಗದಲ್ಲಿ ಗೇಜ್ ಕಡ್ಡಿ ನೋಡಿ. ನಮ್ಮ ಮಲೆನಾಡಿನಲ್ಲಿ ಮನೆ ಅಂಗಳ, ತೋಟದ ಕಣ ಎಲ್ಲಾ ಒಂದು ಕಡೆಗೆ ಇಳಿಜಾರು, ಗಾಡಿ ಸ್ವಲ್ಪ ವಾಲಿದ್ದರೂ ಕಡ್ಡಿ ಸುಳ್ಳು ಹೇಳುತ್ತದೆ. ಹಳೇ ಗಾಡಿಯಲ್ಲಿ ಇನ್ನೊಂದು ತೊಂದರೆ, ಕಡ್ಡಿಯೇ ಬೇರೆ ಎಂಜಿನ್ನಿಂದು ಆಗಿರಬಹುದು. ಅನುಮಾನ ಇದ್ದರೆ ಮುಂದಿನ ಸಲ ಆಯಿಲ್ ಬದಲಿಸುವಾಗ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಅಳೆದು ಹಾಕಿ, ಫಿಲ್ಟರ್ ತುಂಬಲಿ ಅಂತ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಆಯಿಲ್ ಇಳಿದ ಮೇಲೆ ಎಲ್ಲಿಗೆ ಬರುತ್ತದೋ ಅಲ್ಲಿ ಗುರುತು ಹಾಕಿ. ಗುರುತಿಗಿಂತ ಮೇಲೆ ತುಂಬುವುದೂ ತಪ್ಪೇ, ಎಂಜಿನ್ ಕೆಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ಪೈಪು) ಮೂಲಕ ಹೊರಗೆ ಹಾಕುತ್ತದೆ, ಅದನ್ನೂ ನಾವು "ತಿಂತು" ಅಂತ ಲೆಕ್ಕ ಹಾಕುತ್ತೇವೆ.

ಒಂದು ಪುಸ್ತಕದಲ್ಲಿ ಕಿಲೋಮೀಟರ್, ಹಾಕಿದ ಡೀಸೆಲ್, ಸೇರಿಸಿದ ಆಯಿಲ್ ಮೂರನ್ನೂ ಬರೆಯಿರಿ. ಕಿಲೋಮೀಟರ್ ಲೆಕ್ಕ ಒಂದನ್ನೇ ನಂಬಬೇಡಿ. ಶಿರಾಡಿ ಘಾಟಿ ಹತ್ತುವ ಗಾಡಿಗೂ ಅರಸೀಕೆರೆ ಬಯಲಲ್ಲಿ ಓಡುವ ಗಾಡಿಗೂ ಅದು ಹೊಂದುವುದಿಲ್ಲ, ಡೀಸೆಲ್ ಲೆಕ್ಕ ಹೊಂದುತ್ತದೆ. ನಿಮ್ಮ ಎಂಜಿನ್ನಿನ ಮ್ಯಾನುಯಲ್ ಹೇಳುವುದೇ ಕೊನೆ ಮಾತು, ಆದರೂ ಅಂದಾಜಿಗೆ 100 ಲೀಟರ್ ಡೀಸೆಲಿಗೆ ಕಾಲು ಲೀಟರ್ ಆಸುಪಾಸು ಆಯಿಲ್ ಹೋಗುತ್ತಿದ್ದರೆ ಹಳೇ ಎಂಜಿನ್ನಿಗೆ ಗಾಬರಿ ಬೇಡ. ಮುಕ್ಕಾಲು ಲೀಟರ್ ದಾಟಿದರೆ ಹುಡುಕಲೇಬೇಕು. ಕಡ್ಡಿಯಲ್ಲಿ ಆಯಿಲ್ ಇಳಿಯುವ ಬದಲು ಏರುತ್ತಿದ್ದು, ಡೀಸೆಲ್ ವಾಸನೆ ಬಂದರೆ ಆ ಗಾಡಿ ಓಡಿಸಬೇಡಿ. ಡೀಸೆಲ್ ತಳ್ಳುವ ಫೀಡ್ ಪಂಪಿಂದಲೋ ಅದನ್ನು ಎಂಜಿನ್ನಿಗೆ ಚಿಮ್ಮಿಸುವ ನಾಜಲ್‌ನಿಂದಲೋ ಡೀಸೆಲ್ ಸೇರುತ್ತಿದೆ, ಬೇರಿಂಗ್ ಹೋಗುತ್ತದೆ.

ಅಳತೆ ಆದ ಮೇಲೆ ಸೋರಿಕೆ. ಎಂಜಿನ್ ತೊಳೆಸಿ, ಒಣಗಿಸಿ, ಅನುಮಾನ ಇರುವ ಕಡೆ ಟಾಲ್ಕಂ ಪೌಡರ್ ಉದುರಿಸಿ ಒಂದು ರೌಂಡ್ ಓಡಿಸಿ ಬನ್ನಿ. ಫ್ಯಾನ್ ಗಾಳಿ ಆಯಿಲನ್ನು ಹಿಂದಕ್ಕೆ ಒಯ್ಯುತ್ತದೆ, ಅದು ಕೆಳಗೂ ಇಳಿಯುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗ ಬಿಟ್ಟು, ಒದ್ದೆಯಾದ ಕಡೆಯಲ್ಲಿ ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಮೇಲೆ ಯಾವುದಿದೆಯೋ ಅದನ್ನು ನೋಡಿ. ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್, ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಪ್ಯಾಕಿಂಗ್, ಫಿಲ್ಟರ್, ಮುಂದಿನ ಹಿಂದಿನ ಕ್ರ್ಯಾಂಕ್ ಸೀಲ್, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಪೈಪು, ಇಷ್ಟೂ ನೋಡಿ. ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗ ತೆಗೆದು ನೀರಿನ ಮೇಲೆ ಆಯಿಲ್ ಪದರ ಇದೆಯಾ ಅಂತಲೂ ನೋಡಿ. ಇದ್ದರೆ ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಹೋಗಿ.

ಜಾಸ್ತಿ ಜನ ಮರೆಯುವುದು ಏರ್ ಕಂಪ್ರೆಸರ್. ಏರ್ ಬ್ರೇಕ್ ಇರುವ ಎಷ್ಟೋ ಗಾಡಿಯಲ್ಲಿ ಕಂಪ್ರೆಸರ್‌ಗೆ ಆಯಿಲ್ ಬರುವುದು ಎಂಜಿನ್ನಿಂದಲೇ. ಅದರ ಪಿಸ್ಟನ್ನಿನ ಸುತ್ತ ಇರುವ ರಿಂಗ್ ಸವೆದರೆ ಆಯಿಲ್ ಸೈಲೆನ್ಸರ್‌ನಲ್ಲಿ ಕಾಣುವುದೇ ಇಲ್ಲ, ಹೊಗೆಯೂ ಇಲ್ಲ, ಸೋರಿಕೆಯೂ ಇಲ್ಲ, ಸೀದಾ ಏರ್ ಟ್ಯಾಂಕಿಗೆ ಹೋಗಿ ಕೂರುತ್ತದೆ. ಬೆಳಗ್ಗೆ ಗಾಲಿಗೆ ಕಲ್ಲು ಕೊಟ್ಟು ಟ್ಯಾಂಕಿನ ಡ್ರೈನ್ ಬಿಡಿ. ಮಳೆಗಾಲದಲ್ಲಿ ನೀರು ಬರುವುದು ಸಹಜ, ಸ್ವಲ್ಪ ಆಯಿಲ್ ಪಸೆಯೂ ಇರಬಹುದು. ಪ್ರತಿ ದಿನ ಆಯಿಲೇ ಸುರಿದರೆ ಕಳ್ಳ ಸಿಕ್ಕಿದ. ಇದನ್ನು ಸುಮ್ನೆ ಬಿಡಬೇಡಿ, ಆ ಆಯಿಲ್ ಬ್ರೇಕ್ ವಾಲ್ವಿನ ರಬ್ಬರ್ ಹಾಳು ಮಾಡುತ್ತದೆ, ಘಾಟಿ ಇಳಿಯುವ ಗಾಡಿಗೆ ಅದು ಜೀವದ ಪ್ರಶ್ನೆ.

ಟರ್ಬೊ ಇದ್ದರೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಗಾಳಿ ಪೈಪ್ ಬಿಚ್ಚಿ. ಶಾಫ್ಟ್ ಅಡ್ಡಕ್ಕೆ ಸ್ವಲ್ಪ ಅಲ್ಲಾಡುವುದು ಸರಿ. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಡಿದರೆ ಅಥವಾ ಟರ್ಬೊ ಒಳಗಿನ ಚಕ್ರ ಅದರ ಗೂಡಿಗೆ ತಾಗಿದ ಗೀರು ಕಂಡರೆ ಟರ್ಬೊ ಕೆಲಸ ಇದೆ. ಆಡ್ತಿಲ್ಲ, ಆದರೂ ಪೈಪಲ್ಲಿ ಆಯಿಲ್ ನಿಂತಿದೆ ಅಂದರೆ ಟರ್ಬೊ ಬದಲಿಸಲು ಓಡಬೇಡಿ. ಏರ್ ಫಿಲ್ಟರ್ ಕಟ್ಟಿದೆಯಾ, ಬ್ರೀದರ್ ಕಟ್ಟಿದೆಯಾ, ಟರ್ಬೊದಿಂದ ಚೇಂಬರಿಗೆ ಇಳಿಯುವ ಪೈಪ್ ಮುಚ್ಚಿಕೊಂಡಿದೆಯಾ ನೋಡಿ, ಈ ಮೂರರಲ್ಲಿ ಯಾವುದಾದರೂ ಒಂದು ಒಳ್ಳೇ ಟರ್ಬೊವನ್ನೂ ಸೋರಿಸುತ್ತದೆ. ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ನಲ್ಲಿ ಆಯಿಲ್ ನಿಂತಿದ್ದರೆ ತೊಳೆಯದೆ ಸ್ಟಾರ್ಟ್ ಮಾಡಲೇಬೇಡಿ. ಡೀಸೆಲ್ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ತನ್ನಷ್ಟಕ್ಕೆ ವೇಗ ಏರಿಸಿಬಿಡಬಹುದು, ಆಗ ಕೀ ತೆಗೆದರೂ ನಿಲ್ಲುವುದಿಲ್ಲ.

ಇಷ್ಟರಲ್ಲಿ ಏನೂ ಸಿಗದಿದ್ದರೆ ಹೊಗೆ ಓದಬೇಕು. ಮೂಡಿಗೆರೆ ಕಡೆ ಡಿಸೆಂಬರ್ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಬರುವ ಬಿಳಿ ಹೊಗೆ ಸಾಮಾನ್ಯವಾಗಿ ಉರಿಯದ ಡೀಸೆಲ್, ಬಿಸಿಯಾದ ಮೇಲೆ ಹೋಗುತ್ತದೆ. ನೀಲಿ ಛಾಯೆ ಇದ್ದರೆ ಆಯಿಲ್. ಮಂಜಿನಲ್ಲಿ ಈ ವ್ಯತ್ಯಾಸ ತಿಳಿಯುವುದಿಲ್ಲ, ಬಿಸಿಲು ಬಂದ ಮೇಲೆ ನೋಡಿ. ಸಕಲೇಶಪುರ ದಾಟಿ ಗುಂಡ್ಯಕ್ಕೆ ಇಳಿದು ಬರುವ ಗಾಡಿಗೆ ಘಾಟಿಯೇ ಒಳ್ಳೇ ಪರೀಕ್ಷೆ. ಉದ್ದಕ್ಕೆ ಗೇರಿನಲ್ಲಿ ಇಳಿದು ಕೆಳಗೆ ಮೊದಲ ಸಲ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಬುಸ್ ಅಂತ ನೀಲಿ ಬಂದು ನಿಂತರೆ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ಗುಂಟ ಆಯಿಲ್ ಇಳಿಯದಂತೆ ತಡೆಯುವ ಸೀಲು), ಗೈಡ್ (ಆ ಕಡ್ಡಿ ಓಡಾಡುವ ಕೊಳವೆ) ಮೇಲೆ ಅನುಮಾನ ಪಡಿ. ಅನ್‌ಲೋಡಿಗೆ ಕಾದು ತುಂಬಾ ಹೊತ್ತು ಐಡಲ್‌ನಲ್ಲಿ ಬಿಟ್ಟು ಹೊರಟಾಗ ಬಂದರೂ ಹಾಗೇ, ಜೊತೆಗೆ ಟರ್ಬೊ ಕೂಡ. ಲೋಡ್ ಹೊತ್ತು ಏರು ಹತ್ತುವಾಗ ನಿಲ್ಲದೆ ನೀಲಿ ಬರುತ್ತಿದ್ದರೆ ಪಿಸ್ಟನ್ ರಿಂಗ್, ಲೈನರ್ (ಸಿಲಿಂಡರಿಗೆ ಕೂರಿಸಿದ ಒಳಕೊಳವೆ) ಕಡೆ ನೋಡಬೇಕು.

ರಿಂಗ್ ಅನುಮಾನ ಬಂದರೆ ಬಿಸಿ ಎಂಜಿನ್ ಐಡಲ್‌ನಲ್ಲಿ ಬಿಟ್ಟು ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ತೂತಿನ ಮೇಲೆ ತಲೆಕೆಳಗಾಗಿ ಸುಮ್ನೆ ಇಡಿ. ಸ್ವಲ್ಪ ಕುಣಿದರೆ ಪರವಾಗಿಲ್ಲ, ಎಗರಿ ಬಿದ್ದರೆ ಸುಟ್ಟ ಗಾಳಿ ಚೇಂಬರಿಗೆ ಜಾಸ್ತಿ ಇಳಿಯುತ್ತಿದೆ ಅಂತ. ಆಮೇಲೆ ಕಂಪ್ರೆಶನ್ (ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಿ ಹಿಡಿಯುತ್ತದೆ ಅನ್ನುವುದು) ನೋಡಿಸಿ, ಎಲ್ಲಾ ಸಿಲಿಂಡರ್ ಹೋಲಿಸಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕಂಪ್ರೆಶನ್ ಸರಿ ಬಂತು ಅಂದರೆ ಎಂಜಿನ್ ಸರಿ ಇದೆ ಅಂತ ಅಲ್ಲ. ಕಂಪ್ರೆಶನ್ ಹಿಡಿಯುವುದು ಮೇಲಿನ ರಿಂಗ್‌ಗಳು, ಆಯಿಲ್ ಕೆರೆಯುವುದು ಕೆಳಗಿನ ಆಯಿಲ್ ರಿಂಗ್. ಅದು ಕಾರ್ಬನ್ ಹಿಡಿದು ಸಿಕ್ಕಿಕೊಂಡರೆ ಕಂಪ್ರೆಶನ್ ಚೆನ್ನಾಗೇ ತೋರಿಸಿ ಆಯಿಲ್ ಹೋಗುತ್ತಿರುತ್ತದೆ. ವಾಲ್ವ್ ಸೀಲ್ ಹೋದರೂ ಕಂಪ್ರೆಶನ್ನಿನಲ್ಲಿ ಕಾಣುವುದಿಲ್ಲ. ಸೀಲ್ ಎಂಜಿನ್ ಇಳಿಸದೆ ಆಗುವ ಕೆಲಸ, ಮೊದಲು ಅದನ್ನೇ ಮಾಡಿಸಿ. ದಪ್ಪ ಆಯಿಲ್ ಹಾಕಿ ಹೊಗೆ ಕಮ್ಮಿ ಮಾಡುವುದು ನನಗೆ ಒಪ್ಪಿಗೆ ಇಲ್ಲ, ರೋಗ ಮುಚ್ಚಿಟ್ಟ ಹಾಗೆ.

ಕೊನೆಗೂ ಬೋರ್ ಕೆಲಸವೇ ಅಂತಾದರೆ, ಲೈನರ್ ಸವೆತವನ್ನು ನಿಮ್ಮ ಎದುರೇ ಅಳೆಸಿ. ಯಾಕೆ ಸವೆಯಿತು ಅನ್ನುವುದನ್ನೂ ಕೇಳಿ. ಬೇಸಿಗೆಯಲ್ಲಿ ತೋಟದ ಕೆಂಪು ಮಣ್ಣಿನ ರಸ್ತೆಯಲ್ಲಿ ಓಡುವ ಗಾಡಿಗೆ ಧೂಳೇ ದೊಡ್ಡ ಶತ್ರು. ಏರ್ ಕ್ಲೀನರ್‌ನಿಂದ ಎಂಜಿನ್‌ವರೆಗಿನ ಹೋಸ್ ಒಂದು ಕಡೆ ಸೀಳಿದ್ದರೂ, ಕ್ಲಿಪ್ ಸಡಿಲ ಇದ್ದರೂ ಹೊಸ ರಿಂಗ್ ಬೇಗ ಸವೆಯುತ್ತದೆ. ಪೈಪಿನ ಒಳಗೆ ಬೆರಳಾಡಿಸಿ, ಧೂಳು ಹತ್ತಿದರೆ ಅದನ್ನು ಸರಿ ಮಾಡದೆ ಎಂಜಿನ್ ಕೂರಿಸಬೇಡಿ. ಕೂರಿಸಿದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ. ರಿಂಗ್ ಕೂರಲು ಹದವಾದ ಲೋಡ್ ಬೇಕು. ಮೊದಲ ಆಯಿಲ್ ಬೇಗ ಬದಲಿಸಿ, ಅಳತೆ ಪುಸ್ತಕ ಹೊಸದಾಗಿ ಶುರು ಮಾಡಿ.