ಫರ್ಮಾ ಪರೀಕ್ಷೆಗೆ ಟೋಪಿ ಹಾಕುವ 8,25,265

ಕೊನೆಯ ಅಂಕಿ 5. ಇದು ಅವಿಭಾಜ್ಯವಲ್ಲ ಎನ್ನಲು ಕಣ್ಣು ಸಾಕು. ಆದರೂ ಫರ್ಮಾ ಪರೀಕ್ಷೆ (ಆಧಾರವಾಗಿ ಹಿಡಿದ ಸಂಖ್ಯೆಯ n−1ನೇ ಘಾತವನ್ನು nರಿಂದ ಭಾಗಿಸಿದಾಗ ಶೇಷ 1 ಬಂದರೆ n ಅವಿಭಾಜ್ಯವಿರಬಹುದು ಎನ್ನುವ ಪರೀಕ್ಷೆ) ಇದನ್ನು 2ರ ಆಧಾರದಲ್ಲೂ 3ರ ಆಧಾರದಲ್ಲೂ ಪಾಸು ಮಾಡಿಬಿಡುತ್ತದೆ. ಅದಕ್ಕೇ ಯಾವ ದೊಡ್ಡ ಸಂಖ್ಯೆ ಸಿಕ್ಕರೂ ನಾನು ಮೊದಲು ಮಾಡುವುದು ಸಣ್ಣ ಅವಿಭಾಜ್ಯಗಳಿಂದ ಭಾಗಾಕಾರ. ಮಿಕ್ಕ ಪರೀಕ್ಷೆಗಳೆಲ್ಲ ಆಮೇಲೆ.

5ರಿಂದ ಭಾಗಿಸಿದರೆ 165053. ಅಂಕಿಗಳ ಮೊತ್ತ 20, ಹಾಗಾಗಿ 3 ಹೋಗದು. 7ಕ್ಕೆ ಹೋಗಿ 23579 ಉಳಿಯುತ್ತದೆ. 11, 13 ಹೋಗವು. 17ಕ್ಕೆ 1387, 19ಕ್ಕೆ 73. ಅಲ್ಲಿಗೆ ನಿಲ್ಲಿಸಬಹುದು: 19ರ ವರ್ಗ 361, 73ಕ್ಕಿಂತ ದೊಡ್ಡದು. ಒಟ್ಟು 5×7×17×19×73, ಯಾವುದೂ ಎರಡು ಸಲ ಬಂದಿಲ್ಲ.

ಈಗ ಪ್ರತಿ ಅಪವರ್ತನದಿಂದ 1 ಕಳೆಯಿರಿ: 4, 6, 16, 18, 72. ಇವುಗಳ ಲ.ಸಾ.ಅ. 144. ಸಂಖ್ಯೆಯಿಂದಲೂ 1 ಕಳೆದರೆ 825264 = 144×5731, ಶೇಷವಿಲ್ಲ. ಗಣಿತಜ್ಞ ಕೊರ್ಸೆಲ್ಟ್ 1899ರಲ್ಲಿ ಕೊಟ್ಟ ಷರತ್ತು ಇದೇ. ಅಂದರೆ ಇದು ಕಾರ್ಮೈಕೇಲ್ ಸಂಖ್ಯೆ (ಅವಿಭಾಜ್ಯವಲ್ಲದಿದ್ದರೂ ಫರ್ಮಾ ಪರೀಕ್ಷೆಗೆ ಹೀಗೆ ಟೋಪಿ ಹಾಕುವಂಥದ್ದು), ಐದು ಅವಿಭಾಜ್ಯ ಅಪವರ್ತನಗಳಿರುವಂಥವುಗಳಲ್ಲಿ ಅತಿ ಚಿಕ್ಕದು. ಇದರೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಆಧಾರ ಹಿಡಿದರೂ ಫರ್ಮಾ ಪರೀಕ್ಷೆ ಮೋಸಹೋಗುತ್ತದೆ. ಆಧಾರ ಬದಲಿಸುತ್ತ ಕೂರುವುದು ದಂಡ.

ಇನ್ನೂ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆ ಮಾತ್ರ 2ರ ಆಧಾರದಲ್ಲೇ ಹಿಡಿಯುತ್ತದೆ. ಅದರಲ್ಲಿ ಪಾಸಾಗಲು, n−1ರ ಬೆಸ ಭಾಗವನ್ನು ಘಾತವಾಗಿ ಹಿಡಿದಾಗ nರಿಂದ ಭಾಗಿಸಿದ ಶೇಷ 1 ಆಗಿರಬೇಕು, ಇಲ್ಲವೇ ಆ ಶೇಷವೋ ಅದನ್ನು ವರ್ಗ ಮಾಡುತ್ತ ಹೋದಾಗ ಸಿಗುವ ಶೇಷಗಳಲ್ಲೊಂದೋ −1 (ಅಂದರೆ n−1) ಆಗಿರಬೇಕು. 825264 = 16×51579. 2ರ 51579ನೇ ಘಾತವನ್ನು 5ರಿಂದ ಭಾಗಿಸಿದರೆ ಶೇಷ 3, 7ರಿಂದ ಭಾಗಿಸಿದರೆ 1. ಮೊದಲ ಶೇಷದಿಂದ ಅದು 1 ಅಲ್ಲವೆಂದು ತಿಳಿಯಿತು. ಮುಂದೆ ಎಷ್ಟು ಸಲ ವರ್ಗ ಮಾಡಿದರೂ 7ರ ಶೇಷ 1ರಲ್ಲೇ ಇರುವುದರಿಂದ −1 ಬರಲು ದಾರಿಯಿಲ್ಲ. ಸಂಖ್ಯೆ ಸಿಕ್ಕಿಬಿತ್ತು. ಪ್ರೋಗ್ರಾಂ ಬರೆದು ನೋಡುವವರು 64 ಬಿಟ್ ಪೂರ್ಣಾಂಕವನ್ನೇ ಬಳಸಿ. ನಡುವೆ ಬರುವ ವರ್ಗಗಳು 68,000 ಕೋಟಿವರೆಗೆ ಹೋಗಬಲ್ಲವು. 32 ಬಿಟ್‌ನಲ್ಲಿ ಅವು ತುಳುಕಿ, ಯಾವ ಎಚ್ಚರಿಕೆಯೂ ಇಲ್ಲದೆ ತಪ್ಪು ಶೇಷ ಬರುತ್ತದೆ.

ಉಳಿದ ವರ್ಗೀಕರಣ ಬೇಗ ಮುಗಿಯುತ್ತದೆ. ಭಾಜಕಗಳು 32. ಅವುಗಳ ಮೊತ್ತ 6×8×18×20×74 = 1278720; ಸಂಖ್ಯೆಯನ್ನೇ ಕಳೆದರೆ 453455, ಸಂಖ್ಯೆಗಿಂತ ಕಡಿಮೆ, ಆದ್ದರಿಂದ ನ್ಯೂನ ಸಂಖ್ಯೆ. ಆಯ್ಲರ್ ಫಲನದ (ಇದಕ್ಕಿಂತ ಚಿಕ್ಕದಾಗಿದ್ದು ಇದರೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳ ಎಣಿಕೆ) ಬೆಲೆ 497664, ಅಂದರೆ 12ರ ಐದನೇ ಘಾತದ ಸರಿಯಾಗಿ ಎರಡರಷ್ಟು (ಇದರಿಂದ ಉಪಯೋಗವೇನೂ ಇಲ್ಲ, ನೋಡಲು ಚೆಂದ).

ಎರಡು ವರ್ಗಗಳ ಮೊತ್ತವೇ ಎಂಬಲ್ಲಿ ಜನ ಎಡವುತ್ತಾರೆ. 4ರಿಂದ ಭಾಗಿಸಿದರೆ ಶೇಷ 1 ಎಂದು ನೋಡಿ ಹೌದು ಅಂದುಬಿಡುತ್ತಾರೆ. ಆ ನಿಯಮ ಅವಿಭಾಜ್ಯಗಳಿಗಷ್ಟೇ. ಉಳಿದ ಸಂಖ್ಯೆಗಳಲ್ಲಿ ಶೇಷ 3 ಕೊಡುವ ಪ್ರತಿ ಅವಿಭಾಜ್ಯ ಅಪವರ್ತನವೂ ಸಮ ಸಂಖ್ಯೆಯ ಸಲ ಬರಬೇಕು. ಇಲ್ಲಿ 7 ಮತ್ತು 19 ಎರಡೂ ಶೇಷ 3 ಕೊಡುತ್ತವೆ, ಒಂದೊಂದೇ ಸಲ ಬಂದಿವೆ. ಹಾಗಾಗಿ ಉತ್ತರ: ಅಲ್ಲ.