ಮೊಳಕೆ ರಾಗಿಯ ಮೇದೋಜೀರಕ: ಒಂದೇ ಪಿರಿಯಡ್‌ನಲ್ಲಿ ಜೀರ್ಣಕ್ರಿಯೆ

ಜೊಲ್ಲು ಪಿಷ್ಟವನ್ನು ಜೀರ್ಣಿಸೋದನ್ನು ತೋರಿಸುವ ಚಟುವಟಿಕೆ ಹತ್ತನೇ ತರಗತಿ ಪಠ್ಯದಲ್ಲಿದೆ: ಪಿಷ್ಟ ಇದ್ದರೆ ಅಯೋಡಿನ್ ಹಾಕಿದಾಗ ನೀಲಿ ಬರುತ್ತೆ, ಜೀರ್ಣವಾಗಿದ್ದರೆ ಬರಲ್ಲ. ಅದಕ್ಕೆ 20–30 ನಿಮಿಷ ಕಾಯಬೇಕು. ಅಷ್ಟರಲ್ಲಿ ಬೆಲ್ ಹೊಡೆಯುತ್ತೆ, ಚಿತ್ರ ಬರೆಸಿ ಸಾಕು ಅನ್ನೋದು ಹಾಸನದ ಮೇಷ್ಟ್ರುಗಳ ವಾದ. ಈಗ ನಮ್ಮಲ್ಲಿ ಬಾಯಿ, ಜಠರ, ಡುವೋಡಿನಂ (ಸಣ್ಣಕರುಳಿನ ಮೊದಲ ಭಾಗ) ಮೂರೂ ಒಂದೇ ಪಿರಿಯಡ್‌ನಲ್ಲಿ ಮುಗಿಯುತ್ತಿವೆ. ಖರ್ಚು ಮುನ್ನೂರು ಚಿಲ್ಲರೆ, ಅದರಲ್ಲಿ ಅರ್ಧ ದರ್ಜಿಯ ಕೂಲಿ.

ಕೆಡೋದೆಲ್ಲ ಗಂಜಿಯಲ್ಲೇ. ಒಂದು ಲೋಟ ನೀರಿಗೆ ಅರ್ಧ ಚಮಚ ಅಕ್ಕಿಹಿಟ್ಟು ಸಾಕು, ಕುದಿಸಿ ಆರಿಸಿ. ಗಟ್ಟಿಯಾದರೆ ಪಿರಿಯಡ್ ಮುಗಿದರೂ ನೀಲಿ ಹೋಗಲ್ಲ. ಬಿಸಿಗೇ ಜೊಲ್ಲು ಹಾಕಿದರೆ ಪಿಷ್ಟ ಒಡೆಯುವ ಕಿಣ್ವ ಅಮೈಲೇಸ್ ಕೆಟ್ಟಿತು. ಸಕಲೇಶಪುರದ ಕಡೆ ಚಳಿಗಾಲದಲ್ಲಂತೂ ಪ್ರನಾಳವನ್ನು 37 ಡಿಗ್ರಿಯ ನೀರಲ್ಲಿಡದೆ ಏನೂ ನಡೆಯಲ್ಲ. ಫ್ಲಾಸ್ಕಿನ ಬಿಸಿನೀರು ಬೆರೆಸಿಕೊಳ್ಳಿ. ಗಂಜಿ 5 ಮಿ.ಲೀ., ಜೊಲ್ಲು 1 ಮಿ.ಲೀ. ಎರಡೆರಡು ನಿಮಿಷಕ್ಕೆ ಒಂದು ಹನಿ ತೆಗೆದು ಬಿಳಿ ಟೈಲ್ಸ್ ಮೇಲೆ ಅಯೋಡಿನ್ ಜೊತೆ ನೋಡಿ. ನೀಲಿ ಕಂದಾಗಿ, ಆಮೇಲೆ ಬರೀ ಅಯೋಡಿನ್ ಬಣ್ಣ ಉಳಿಯುತ್ತೆ.

ಜಠರಕ್ಕೆ ನಿಂಬೆರಸ ಬೇಡ. ಅದರ ವಿಟಮಿನ್ ಸಿ ಅಯೋಡಿನ್ ಬಣ್ಣವನ್ನೇ ತಿಂದುಹಾಕುತ್ತೆ, ಪಿಷ್ಟ ಹಾಗೇ ಇದ್ದರೂ ಮಕ್ಕಳು ಜೀರ್ಣ ಆಯ್ತು ಸಾರ್ ಅಂತಾರೆ. ಹೊಸ ಪ್ರನಾಳದಲ್ಲಿ ಜೊಲ್ಲಿಗೆ ಮೊದಲು ವಿನೆಗರ್ ಹಾಕಿ, ಆಮೇಲೆ ಗಂಜಿ: ಆಮ್ಲದಲ್ಲಿ ಅಮೈಲೇಸ್ ಕೆಲಸ ನಿಲ್ಲುತ್ತೆ, ನೀಲಿ ಹಾಗೇ ಉಳಿಯುತ್ತೆ. ಗುಳ್ಳೆ ನಿಲ್ಲುವಷ್ಟು ಮಾತ್ರ ಅಡುಗೆ ಸೋಡಾ ಸೇರಿಸಿದರೆ ಡುವೋಡಿನಂ. ಇಲ್ಲಿ ಹೊಸ ಕಿಣ್ವ ಬೇಕು. ದೇಹದಲ್ಲಿ ಅದನ್ನು ಕೊಡೋದು ಮೇದೋಜೀರಕ (ಪ್ಯಾಂಕ್ರಿಯಾಸ್). ಅದರ ನಿಜವಾದ ರಸ ಎಲ್ಲಿಂದ ತರೋದು? ಮೊಳಕೆ ರಾಗಿಯಲ್ಲೂ ಅಮೈಲೇಸ್ ಉಂಟು. ಹಿಟ್ಟನ್ನೇ ಹಾಕಿದರೆ ಅದರ ಪಿಷ್ಟವೂ ನೀಲಿ ಕೊಡುತ್ತೆ. ತಣ್ಣೀರಲ್ಲಿ ಕಲಕಿ, ತಳ ಕಟ್ಟಿದ ಮೇಲೆ ಮೇಲಿನ ತಿಳಿ ಮಾತ್ರ ಬಳಸಿ. ಹುರಿಹಿಟ್ಟಿನ ಹಾಗೆ ಹುರಿದರೆ ಕಿಣ್ವವೇ ಇರಲ್ಲ. ಮೊಳಕೆ ಎಷ್ಟುದ್ದ ಬರಬೇಕು, ಹೇಗೆ ಒಣಗಿಸಬೇಕು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಇದರ ಮಧ್ಯೆ ಇನ್ನೊಂದು ಆಟ: ಅದೇ ರಾಗಿಹಿಟ್ಟು ಒಂದು ಚಮಚ ಉಗುರುಬೆಚ್ಚಗಿನ ದಪ್ಪ ಗಂಜಿಗೆ ಬೆರೆಸಿದರೆ ನೋಡನೋಡುತ್ತ ನೀರಾಗುತ್ತೆ. ಮೊಳಕೆ ಬರಿಸದ ಹಿಟ್ಟಿಗೆ ಆ ಗುಣವಿಲ್ಲ. ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯೋದನ್ನು ತೋರಿಸೋಕೆ ನೀರಿಗೆ ಅರಸೀಕೆರೆ ಕೊಬ್ಬರಿ ಎಣ್ಣೆ, ಎರಡು ಹನಿ ಪಾತ್ರೆ ಸೋಪು. ಕುಲುಕಿದರೆ ಬಿಳಿ ಹಾಲು.

ಅನ್ನನಾಳಕ್ಕೆ 25 ಸೆಂ.ಮೀ. ಸೈಕಲ್ ಟ್ಯೂಬು, ಒಳಗೆ ಎಣ್ಣೆ ಸವರಿದ ಗೋಲಿ. ಗೋಲಿಯ ಹಿಂದೆ ಹಿಸುಕುತ್ತ ಹೋದರೆ ತಲೆಕೆಳಗೆ ಹಿಡಿದರೂ ಮುಂದಕ್ಕೇ ಹೋಗುತ್ತೆ. ಸಣ್ಣಕರುಳು 6 ಮೀಟರ್: ದರ್ಜಿಯ ಹತ್ತಿರ ಉಳಿದ ಲೈನಿಂಗ್ ಬಟ್ಟೆ 9 ಸೆಂ.ಮೀ. ಅಗಲಕ್ಕೆ ಹೊಲಿಸಿದರೆ ಎರಡೂವರೆ ಸೆಂಟಿಮೀಟರ್ ಕೊಳವೆ. ಒಂದು ಗೇಣಿನಷ್ಟು ಒಳಗೆ ಟವೆಲ್ ತುಂಡು ಹೊಲಿಸಿ, ವಿಲ್ಲೈ (ಕರುಳಿನ ಒಳಗೋಡೆಯ ಬೆರಳಿನಂಥ ಚಾಚುಗಳು) ಯಾಕೆ ಬೇಕು ಅನ್ನೋದಕ್ಕೆ ನೀರು ಸುರಿದು ತೋರಿಸಬಹುದು. ದೊಡ್ಡಕರುಳಿಗೆ ಒಂದೂವರೆ ಮೀಟರ್ ಉದ್ದ, 20 ಸೆಂ.ಮೀ. ಅಗಲ.