ಫ್ಲಾಶ್ ಇಲ್ಲದೆ ಹ್ಯಾಲೋವೀನ್ ಬ್ಯಾಂಡ್: ನನ್ನ ಅನುಭವ

ಸ್ಟೇಜ್ ಮೇಲೆ ಕುಣಿಯುವವರನ್ನು 1/100 ಸೆಕೆಂಡ್ ಶಟರ್ ಸ್ಪೀಡ್‌ನಲ್ಲಿ ಫೋಟೋ ಹಿಡಿಯೋಕೆ ಆಗಲ್ಲ ಎಂದು ಹೇಳಿದವರು ತುಂಬಾ ಜನ. ಅದೂ ಚಿಕ್ಕ ಅಳತೆಯ ಕ್ರಾಪ್ ಸೆನ್ಸರ್‌ನಲ್ಲಿ, ಫ್ಲಾಶ್ ಇಲ್ಲದೆ. ಭೂತ ಪ್ರೇತಗಳ ವೇಷ ಹಾಕುವ ಕಳೆದ ಹ್ಯಾಲೋವೀನ್‌ಗೆ ಇಂದಿರಾನಗರದ ಒಂದು ಪಬ್‌ನಲ್ಲಿ ನಾನು ಕೊಟ್ಟ ಫೋಟೋಗಳಲ್ಲಿ ಮುಕ್ಕಾಲು ಪಾಲು ಅದೇ ಸ್ಪೀಡ್‌ನವು. ಬ್ಯಾಂಡಿನವರು ಈಗ ಪೋಸ್ಟರ್‌ಗೂ ಅವನ್ನೇ ಹಾಕಿಕೊಳ್ಳುತ್ತಿದ್ದಾರೆ.

ಇಲ್ಲಿಗೆ ಬರುವ ಮೊದಲು ಬೇರೆಲ್ಲಾ ದಾರಿ ನೋಡಿಯಾಗಿತ್ತು. ಫ್ಲಾಶನ್ನು ಚಾವಣಿಗೆ ಹೊಡೆದು ಬೌನ್ಸ್ ಮಾಡೋಣ ಅಂದರೆ ಚಾವಣಿಗೆ ಕಪ್ಪು ಬಣ್ಣ. ನೇರ ಹೊಡೆದರೆ ಪ್ಲಾಸ್ಟಿಕ್ ಮುಖವಾಡ, ಚಮಕಿ ಬಟ್ಟೆ ಎಲ್ಲಾ ಬೆಳ್ಳಗೆ ಹೊಳೆದು ವೇಷದ ಭಯವೇ ಹೋಗುತ್ತದೆ. ಆಮೇಲೆ 70-200 ಎಂಎಂ ಎಫ್/2.8 ಲೆನ್ಸ್ (ಎಫ್ ಸಂಖ್ಯೆ ಕಮ್ಮಿಯಾದಷ್ಟೂ ಬೆಳಕು ಜಾಸ್ತಿ) ಬಾಡಿಗೆಗೆ ತಂದೆ, ದಿನಕ್ಕೆ ಸಾವಿರದ ಆಸುಪಾಸು. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 12800ಕ್ಕೆ ಹೋಯಿತು, ನೆರಳೆಲ್ಲಾ ನುಚ್ಚು. 1/500 ಇಟ್ಟರೆ ಎಲ್ಇಡಿ ದೀಪಗಳಿಂದ ಫ್ರೇಮ್ ತುಂಬಾ ಪಟ್ಟೆ. ಆ ರಾತ್ರಿ ಫೋಟೋಗೆ ಸಿಕ್ಕ ದುಡ್ಡು ಏಳು ಸಾವಿರ ಇರಬೇಕು. ಬಾಡಿಗೆ, ಕ್ಯಾಬ್ ಕಳೆದು ಐದೂ ಉಳಿಯಲಿಲ್ಲ. ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾ ತಗೋ ಎಂದರು ಗೆಳೆಯರು. ಲಕ್ಷ, ಒಂದೂವರೆ ಲಕ್ಷ ಎಲ್ಲಿಂದ ತರೋದು?

ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ 35 ಎಂಎಂ ಎಫ್/1.8, ಏಳು ಸಾವಿರ ಚಿಲ್ಲರೆ. ಬಾಡಿ ಹಳೆಯ ನಿಕಾನ್ ಡಿ7200ನೇ. ಎಫ್/2, ಐಎಸ್ಒ 3200ರಿಂದ 6400. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. 1/100ರಲ್ಲಿ ಆ ಏರಿಳಿತದ ಒಂದು ಸುತ್ತು ಪೂರ್ತಿ ಸಿಗುತ್ತದೆ, ಹಾಗಾಗಿ ಪಟ್ಟೆ ಬರಲ್ಲ. ಡಿಮ್ ಮಾಡಿದ ಎಲ್ಇಡಿಗಳು ಸಾಮಾನ್ಯವಾಗಿ ಇನ್ನೂ ವೇಗವಾಗಿ ಮಿನುಗುತ್ತವೆ. ಅವುಗಳ ಪಟ್ಟೆಯೂ ಈ ಸ್ಪೀಡ್‌ನಲ್ಲಿ ಬಹುತೇಕ ಕರಗಿಹೋಗುತ್ತದೆ.

ಕುಣಿಯುವವರು ಮಸುಕಾಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹಾಡನ್ನು ಗಮನವಿಟ್ಟು ಕೇಳಿ ಕ್ಲಿಕ್ ಮಾಡಿದರೆ ಮಸುಕಾಗುವುದಿಲ್ಲ. ಡ್ರಮ್ಮರ್ ಕೈ ಮೇಲೆ ಹೋಗಿ ತಿರುಗುವ ಜಾಗದಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಹಾಡುವವರು ಸಾಲಿನ ಕೊನೆಯ ಸ್ವರ ಎಳೆಯುವಾಗ ತಲೆ ಅಲುಗಿಸುವುದು ಕಮ್ಮಿ. ಗಿಟಾರ್ ತಂತಿ ಬೆಂಡ್ ಮಾಡುವಾಗ ಮೈಯೆಲ್ಲಾ ಬಿಗಿಯಾಗಿರುತ್ತದೆ. ಮೊದಲ ಚರಣದಲ್ಲಿ ನಾನು ಕ್ಯಾಮೆರಾ ಎತ್ತುವುದೇ ಇಲ್ಲ. ಕಾಲಲ್ಲಿ ತಾಳ ಹಾಕುತ್ತಾ ಕೇಳುತ್ತೇನೆ. ಎರಡನೇ ಚರಣದಲ್ಲಿ ಅದೇ ಜಾಗ ಮತ್ತೆ ಬರುತ್ತದೆ ಅಲ್ವಾ, ಆಗ ಎರಡು ಮೂರು ಕ್ಲಿಕ್, ಅಷ್ಟೇ.

ಮುಖವಾಡದ ಮೇಲೆ ಫೋಕಸ್ ಸುಮ್ನೆ ಹುಡುಕಾಡುತ್ತದೆ. ನಾನು ಪಾಯಿಂಟನ್ನು ಮೈಕ್ ಹಿಡಿದ ಬೆರಳುಗಳ ಮೇಲೆ ಇಡುತ್ತೇನೆ. ಮುಖ ಮುಚ್ಚಿದವರ ಭಾವವೆಲ್ಲಾ ಕೈಯಲ್ಲೇ ಇರುತ್ತದೆ. ಬಿಳಿ ಬಳಿದ ಮುಖ ಬಂದರೆ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಮಾಡಿ.

ಇನ್ನು ರಕ್ತ. ಹ್ಯಾಲೋವೀನ್‌ನಲ್ಲಿ ಎಲ್ಲರ ಬಾಯಲ್ಲೂ ರಕ್ತ! ಕೆಂಪು ದೀಪ ಬಿದ್ದರೆ ಆ ರಕ್ತ ಚರ್ಮದಲ್ಲೇ ಸೇರಿಹೋಗುತ್ತದೆ. ನೀಲಿ, ಹಸಿರು ದೀಪದಲ್ಲಿ ಅದೇ ರಕ್ತ ಕಪ್ಪಗೆ ಎದ್ದು ಕಾಣುತ್ತದೆ. ಹಾಗಾಗಿ ಡ್ರಾಕುಲಾ ಮುಖ ತೆಗೆಯಲು ನಾನು ನೀಲಿ ದೀಪಕ್ಕೆ ಕಾಯುತ್ತೇನೆ. ಆದರೆ ಅಲ್ಲಿ ಬ್ಲೂ ಚಾನಲ್, ಅಂದರೆ ಫೋಟೋದ ನೀಲಿ ಪಾಲು, ಬೇಗ ಮಿತಿ ಮೀರಿ ವಿವರ ಕಳೆದುಕೊಳ್ಳುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್‌ನಲ್ಲಿ, ಅಂದರೆ ಹಿಸ್ಟೋಗ್ರಾಮ್‌ನಲ್ಲಿ, ಬಿಳಿಯದೊಂದನ್ನೇ ನಂಬಬೇಡಿ, ಮೂರು ಬಣ್ಣದ್ದೂ ನೋಡಿ. ಆ ಫೈಲ್‌ಗಳನ್ನೆಲ್ಲಾ ಕಪ್ಪು ಬಿಳುಪು ಮಾಡುತ್ತೇನೆ. ಯಾವ ಚಾನಲ್ ಎಷ್ಟು ಬೆರೆಸುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಊರಿನ ಯಕ್ಷಗಾನ ಬಯಲಾಟದಲ್ಲೂ ಇದನ್ನೇ ಮಾಡಿ ನೋಡಿದೆ. ಭಾಗವತರು ಏರುಸ್ವರದಲ್ಲಿ ನಿಂತಾಗ ಚೆನ್ನಾಗಿ ಸಿಕ್ಕರು. ಬಣ್ಣದ ವೇಷದ ಮುಖಕ್ಕೆ ಇಡುವ ಬಿಳಿ ಚುಕ್ಕಿಗಳ ಚಿಟ್ಟಿಗೂ ಅದೇ ಒಂದು ಸ್ಟಾಪ್ ಇಳಿಸಿದೆ, ಚುಕ್ಕಿ ಚುಕ್ಕಿ ಬಿಡಿಯಾಗಿ ಬಂತು. ಚೆಂಡೆಯವರ ಕೈ ಮಾತ್ರ 1/100ಕ್ಕೆ ದಕ್ಕಲಿಲ್ಲ. ಅದಕ್ಕೆ 1/15 ಇಟ್ಟು ಕೈ ಪೂರ್ತಿ ಮಸುಕಾಗಲು ಬಿಟ್ಟೆ. ಮುಖ ನಿಂತಿತು, ಕೈ ಹೊಗೆಯಂತೆ ಬಂತು. ಈ ವರ್ಷ ಅದನ್ನು ಡ್ರಮ್ಸ್ ಮೇಲೂ ಮಾಡುತ್ತೇನೆ.

ಕೋರಮಂಗಲದಿಂದ ಆಗಲೇ ಕರೆ ಬಂದಿದೆ, ಹನ್ನೆರಡು ಸಾವಿರಕ್ಕೆ ಒಪ್ಪಿದ್ದಾರೆ. ಆ ದುಡ್ಡಿಗೆ ಸ್ವಲ್ಪ ಸೇರಿಸಿ ಒಂದು ಹಳೆಯ 85 ಎಂಎಂ ಎಫ್/1.8 ಲೆನ್ಸ್ ತಗೋಬೇಕು.